ಕೋವಿಯ ತುಕ್ಕು

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು ಎಂದು ಕನ್ನಡ ಇವೆರಡನ್ನೂ ಬೇರೆ ಬೇರೆ ಹೆಸರಿಟ್ಟು ಗುರುತಿಸಿದೆ. ಕೋವಿಯ ವಿಷಯಕ್ಕೆ ಬಂದರೆ ಇನ್ನೂ ಒಂದು ಸೂಕ್ಷ್ಮವಿದೆ. ನಳಿಗೆಯ ಮೇಲೆ ಮಳೆಗಾಲದಲ್ಲಿ ತಾನಾಗಿ ಮೂಡುವ ಕೆಂಪು ತುಕ್ಕು ಒಂದು ಕಡೆ. ಅದೇ ನಳಿಗೆಗೆ ಕೆಲಸಗಾರ ದಿನಗಟ್ಟಲೆ ಕೂತು ತಂದ ನೀಲಿಗಪ್ಪು ಮೆರುಗು ಇನ್ನೊಂದು ಕಡೆ. ನೋಡುವ ಕಣ್ಣಿಗೆ ಒಂದು ರೋಗ, ಇನ್ನೊಂದು ಅಲಂಕಾರ. ರಸಾಯನ ಶಾಸ್ತ್ರದ ಕಣ್ಣಿಗೆ ಎರಡೂ ಒಂದೇ ಮನೆತನದವು: ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದ ಆಕ್ಸೈಡುಗಳು. ಕೋವಿಯ ಮೇಲ್ಮೈ ತುಕ್ಕನ್ನು ತೆಗೆಯುವ, ತಡೆಯುವ ಎಲ್ಲ ವಿಧಾನಗಳ ಗುಣದೋಷವೂ ಈ ಒಂದು ನಂಟಿನಿಂದಲೇ ತೀರ್ಮಾನವಾಗುತ್ತದೆ. ತುಕ್ಕನ್ನು ಪೂರ್ತಿ ಕಿತ್ತು ಹಾಕಬೇಕೆಂಬ ಹಟದಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸಿದವರು ತುಕ್ಕಿನ ಜೊತೆಗೆ ಅದನ್ನು ತಡೆಯುತ್ತಿದ್ದ ಮೆರುಗನ್ನೂ ಕಳೆದುಕೊಳ್ಳುತ್ತಾರೆ. ಬೆತ್ತಲಾದ ಉಕ್ಕು ಮುಂದಿನ ಮಳೆಗಾಲದಲ್ಲಿ ಮೊದಲಿಗಿಂತ ಬೇಗ ಕೆಂಪಾಗುತ್ತದೆ. ಆದ್ದರಿಂದ ಲೋಹವನ್ನು ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದು, ಕೋವಿ ಇರುವ ಜಾಗದ ಗಾಳಿಯನ್ನು ಎಷ್ಟು ಹೆಚ್ಚು ಗಮನಿಸಿದರೆ ಅಷ್ಟು ಒಳ್ಳೆಯದು ಎಂಬುದು ಈ ಲೇಖನದ ವಾದ.

ಕರ್ನಾಟಕದಲ್ಲಿ ಈ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ತಟ್ಟುವುದು ಕೊಡಗಿನಲ್ಲಿ. ಬ್ರಿಟಿಷ್ ಸರ್ಕಾರ 1861ರಲ್ಲಿ ಕೊಡವರಿಗೆ ಆಯುಧ ಪರವಾನಗಿಯಿಂದ ವಿನಾಯಿತಿ ಕೊಟ್ಟಿತು. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ ಕೇಂದ್ರ ಸರ್ಕಾರ 1963ರ ಅಧಿಸೂಚನೆಯ ಮೂಲಕ ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅದನ್ನು ಮುಂದುವರಿಸಿತು. 2019ರಲ್ಲಿ ಅದರ ಅವಧಿಯನ್ನು 2029ರ ತನಕ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಕೊಡವ ತಕ್ಕಿನಲ್ಲಿ ಕೋವಿಗೆ ತೋಕ್ ಎನ್ನುತ್ತಾರೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತಾರೆ. ಹೀಗೆ ಕೋವಿ ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಮನೆಯ ವಸ್ತು. ಆದರೆ ಅದೇ ಕೊಡಗು ಕಬ್ಬಿಣಕ್ಕೆ ನಾಡಿನಲ್ಲೇ ಅತಿ ಕಷ್ಟದ ಜಾಗಗಳಲ್ಲಿ ಒಂದು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಭಾಗಮಂಡಲದ ಕಡೆ ಅದಕ್ಕಿಂತ ಬಹಳ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬಟ್ಟೆ ಒಣಗದ, ಉಪ್ಪಿನ ಮರಿಗೆಯಲ್ಲಿ ನೀರು ನಿಲ್ಲುವ, ಗೋಡೆಗೆ ಬೂಷ್ಟು ಹಿಡಿಯುವ ಆ ನಾಲ್ಕು ತಿಂಗಳಲ್ಲಿ ಮೂಲೆಯಲ್ಲಿ ನಿಂತ ಕೋವಿ ಮಾತ್ರ ಒಣಗಿರಲಿ ಎಂದರೆ ಆಗದು. ತುಕ್ಕು ಹೆಚ್ಚಲು ಇನ್ನೊಂದು ಕಾರಣವೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ನಿಲ್ಲಬೇಕಾದ್ದೇ. ವಾರಕ್ಕೊಮ್ಮೆ ಕೈಗೆ ಬರುತ್ತಿದ್ದ ಕೋವಿ ಈಗ ವರ್ಷಕ್ಕೆ ಒಂದೆರಡು ಸಲ ಹೊರಗೆ ಬರುತ್ತದೆ. ಮುಟ್ಟದೆ ಬಿಟ್ಟ ಕೋವಿಯ ಮೇಲೆ ತುಕ್ಕು ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ.

ತುಕ್ಕು ಹಿಡಿಯುವುದಕ್ಕೆ ಕಬ್ಬಿಣ, ಆಮ್ಲಜನಕ, ನೀರು ಮೂರೂ ಒಂದೆಡೆ ಸೇರಬೇಕು. ನೀರು ಎಂದರೆ ಕಣ್ಣಿಗೆ ಕಾಣುವ ಹನಿಯೇ ಆಗಬೇಕೆಂದಿಲ್ಲ. ಗಾಳಿಯ ತೇವಾಂಶ ಏರಿದಂತೆ ಲೋಹದ ಮೇಲೆ ಕೆಲವೇ ಅಣುಗಳಷ್ಟು ದಪ್ಪದ ನೀರಿನ ಪೊರೆ ಕೂರುತ್ತದೆ, ಅಷ್ಟು ಸಾಕು. ಇಂಗ್ಲೆಂಡಿನ ವಿಜ್ಞಾನಿ ಡಬ್ಲ್ಯು. ಎಚ್. ಜೆ. ವರ್ನನ್ 1930ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಒಂದು ಮುಖ್ಯ ಸಂಗತಿ ಖಚಿತವಾಯಿತು: ಸಾಪೇಕ್ಷ ಆರ್ದ್ರತೆ ಶೇಕಡ 60ರ ಆಸುಪಾಸಿನ ಕೆಳಗಿರುವವರೆಗೆ ಕಬ್ಬಿಣ ತುಕ್ಕು ಹಿಡಿಯುವ ವೇಗ ತೀರ ಕಡಿಮೆ, ಆ ಮಟ್ಟ ದಾಟಿದ ಮೇಲೆ, ಅದರಲ್ಲೂ ಗಾಳಿಯಲ್ಲಿ ಗಂಧಕದ ಅನಿಲದಂಥ ಕಶ್ಮಲವಿದ್ದರೆ, ವೇಗ ಒಮ್ಮೆಲೇ ಜಿಗಿಯುತ್ತದೆ. ಉಪ್ಪು ಸೇರಿದರೆ ಲೆಕ್ಕ ಇನ್ನೂ ಕೆಡುತ್ತದೆ. ಅಡುಗೆಯ ಉಪ್ಪು ಆರ್ದ್ರತೆ ಶೇಕಡ 75 ಮುಟ್ಟಿದಾಗ ತಾನೇ ನೀರೆಳೆದು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಮ್ ಕ್ಲೋರೈಡ್ ಶೇಕಡ 33ರಲ್ಲೇ ಆ ಕೆಲಸ ಮಾಡುತ್ತದೆ. ಕರಾವಳಿಯ ಅಡಿಕೆ ತೋಟದ ಮನೆಯಲ್ಲಿ ಬೆಳೆ ಕಾಯಲು ಇಟ್ಟ ಕೋವಿ ಬೇಸಿಗೆಯಲ್ಲೂ ತುಕ್ಕು ಹಿಡಿಯುವುದು ಇದರಿಂದ. ಮನುಷ್ಯನ ಬೆವರಿನಲ್ಲಿರುವುದೂ ಉಪ್ಪೇ. ಬೆವೆತ ಕೈಯಲ್ಲಿ ನಳಿಗೆ ಹಿಡಿದು ಹಾಗೇ ಗೂಟಕ್ಕೆ ತೂಗು ಹಾಕಿದರೆ ಕೆಲವು ದಿನದಲ್ಲಿ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ, ದಸ್ತಾವೇಜಿನ ಮೇಲೆ ಒತ್ತಿದಷ್ಟು ಸ್ಪಷ್ಟವಾಗಿ, ಕಿತ್ತಳೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ತೆಗೆದುಕೊಳ್ಳುವುದರಿಂದ ಅದು ಉಬ್ಬಿ, ಬಿರಿದು, ಸಡಿಲವಾಗಿ ಕೂರುತ್ತದೆ. ಆ ಸಡಿಲಿನಲ್ಲಿ ಮತ್ತೆ ನೀರು ನಿಲ್ಲುತ್ತದೆ. ಅಲ್ಯೂಮಿನಿಯಮ್ಮಿನ ಆಕ್ಸೈಡ್ ಬಿಗಿಯಾಗಿ ಅಂಟಿಕೊಂಡು ತನ್ನ ಲೋಹವನ್ನು ಕಾಯುತ್ತದೆ, ಕೆಂಪು ತುಕ್ಕು ಕಾಯುವುದಿಲ್ಲ.

ಕಾಯುವ ಆಕ್ಸೈಡ್ ಕಬ್ಬಿಣಕ್ಕೂ ಒಂದಿದೆ. ಅದು ಕಪ್ಪು ಬಣ್ಣದ ಮ್ಯಾಗ್ನೆಟೈಟ್. ಕೋವಿ ಕೆಲಸದವರು ಬ್ಲೂಯಿಂಗ್ ಎನ್ನುವ ನೀಲಿಗಪ್ಪು ಮೆರುಗು ಇದೇ. ಇದರ ಹಳೆಯ ವಿಧಾನವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ನಮ್ಮ ವಾದದ ಬೇರು ಅಲ್ಲಿದೆ. ನಳಿಗೆಯನ್ನು ನುಣ್ಣಗೆ ಉಜ್ಜಿ, ಜಿಡ್ಡಿನ ಸೋಂಕೂ ಉಳಿಯದಂತೆ ತೊಳೆದು, ಅದರ ಮೇಲೆ ಆಮ್ಲದ ದ್ರಾವಣವನ್ನು ತೆಳುವಾಗಿ ಸವರಿ, ತೇವದ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತಾರೆ. ಕೆಲವು ಗಂಟೆಗಳಲ್ಲಿ ಇಡೀ ನಳಿಗೆಗೆ ನವಿರಾದ ಕೆಂಪು ತುಕ್ಕು ಹಿಡಿಯುತ್ತದೆ. ಆಗ ಅದನ್ನು ಶುದ್ಧ ನೀರಿನಲ್ಲಿ ಕುದಿಸುತ್ತಾರೆ. ಕುದಿಯುವ ನೀರಿನಲ್ಲಿ ಕೆಂಪು ತುಕ್ಕು ಮೈ ಬದಲಿಸಿ ಕಪ್ಪು ಮ್ಯಾಗ್ನೆಟೈಟ್ ಆಗುತ್ತದೆ. ಮೇಲೆ ಸಡಿಲವಾಗಿ ನಿಂತ ಮಸಿಯನ್ನು ಮೃದುವಾದ ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದರೆ ಕೆಳಗೆ ಬೂದುಗಪ್ಪು ಪದರ. ಇದನ್ನೇ ಆರೇಳು ಸಲ ಮಾಡಿದ ಮೇಲೆ ಒಳ್ಳೆಯ ಕೋವಿಗಳಲ್ಲಿ ಕಾಣುವ ಆಳವಾದ ಕಪ್ಪು ಬರುತ್ತದೆ. ಕುದಿಸುವ ಹಂತ ಬಿಟ್ಟರೆ ಸಿಗುವುದು ಕಂದು ಮೆರುಗು. ಹದಿನೆಂಟು, ಹತ್ತೊಂಬತ್ತನೇ ಶತಮಾನದ ಎಷ್ಟೋ ನಳಿಗೆಗಳ ಬಣ್ಣ ಅದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹುರಿಹೊಸೆದು ಬೆಸೆದ ಡಮಾಸ್ಕಸ್ ನಳಿಗೆಗಳಲ್ಲಿ ಸುರುಳಿ ಚಿತ್ತಾರ ಕಣ್ಣಿಗೆ ಕಾಣುವುದೂ ಈ ಹದವಾದ ತುಕ್ಕಿನ ದೆಸೆಯಿಂದಲೇ. ಇಪ್ಪತ್ತನೇ ಶತಮಾನದಲ್ಲಿ ಕಾರ್ಖಾನೆಗಳು ಕಾಸ್ಟಿಕ್ ಸೋಡ ಮತ್ತು ನೈಟ್ರೇಟ್ ಲವಣಗಳ ಕುದಿಯುವ ದ್ರಾವಣಕ್ಕೆ ಬದಲಾದವು. ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಸಿಗುವ ವಸ್ತು ಅದೇ ಮ್ಯಾಗ್ನೆಟೈಟ್. ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಈ ಮೆರುಗು ಎಷ್ಟು ತೆಳು ಎಂಬುದು ಮನಸ್ಸಿಗೆ ಬರುತ್ತದೆ.

ಈ ಹಿನ್ನೆಲೆಯಿಂದ ಹೊರಡುವ ಮೊದಲ ತೀರ್ಮಾನ ಹುಳಿಯ ಬಗ್ಗೆ. ತುಕ್ಕಿಗೆ ಹುಳಿ ಮದ್ದು ಎಂಬುದು ನಮ್ಮ ಅಡುಗೆಮನೆಯ ಅನುಭವ. ಹಿತ್ತಾಳೆ ಚೆಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಬೆಳಗುತ್ತದೆ, ಕತ್ತಿಯ ತುಕ್ಕು ನಿಂಬೆಹುಳಿಗೆ ಬಿಡುತ್ತದೆ. ಕೊಡಗಿನಲ್ಲಾದರೆ ಕಾಚಂಪುಳಿ ಎಂಬ ಕಪ್ಪು ಹುಳಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇರುತ್ತದೆ. ಅಂಗಡಿಯಲ್ಲಿ ಸಿಗುವ ತುಕ್ಕು ತೆಗೆಯುವ ದ್ರಾವಣಗಳಲ್ಲೂ ಬಹುಪಾಲು ಇರುವುದು ಫಾಸ್ಫಾರಿಕ್ ಆಮ್ಲ ಅಥವಾ ಆಕ್ಸಾಲಿಕ್ ಆಮ್ಲ. ಇವೆಲ್ಲ ತುಕ್ಕನ್ನು ಕರಗಿಸುತ್ತವೆ ಎಂಬುದು ನಿಜ. ಆದರೆ ಆಮ್ಲಕ್ಕೆ ಬೇಡದ ಆಕ್ಸೈಡ್ ಯಾವುದು, ಬೇಕಾದ ಆಕ್ಸೈಡ್ ಯಾವುದು ಎಂದು ಗೊತ್ತಾಗುವುದಿಲ್ಲ. ಕೆಂಪು ಚುಕ್ಕೆಯ ಮೇಲೆ ಬಿದ್ದ ಹನಿ ಸುತ್ತಲ ಕಪ್ಪನ್ನೂ ತಿಂದು, ಅಲ್ಲಿ ಬಿಳಿಬೂದಿ ಬಣ್ಣದ ಬರಿಯ ಉಕ್ಕಿನ ಮಚ್ಚೆ ಉಳಿಸುತ್ತದೆ. ಒಂದೆರಡು ಮೈಕ್ರಾನ್ ಪದರ ಕರಗಲು ಕೆಲವು ನಿಮಿಷ ಸಾಕು. ಕತ್ತಿಗೆ ಇದರಿಂದ ತೊಂದರೆಯಿಲ್ಲ, ಅದಕ್ಕೆ ಮೆರುಗೇ ಇಲ್ಲ. ಕೋವಿಗೆ ತುಂಬಲಾರದ ನಷ್ಟ. ತುಕ್ಕನ್ನು ಬಿಡಿಸಿ ಮೆರುಗನ್ನು ಉಳಿಸುತ್ತೇನೆ ಎನ್ನುವ ಯಾವ ಆಮ್ಲವನ್ನೂ ನಂಬಬಾರದು. ತೊಳೆಯುವ ಸೋಡದ ನೀರಿನಲ್ಲಿ ವಿದ್ಯುತ್ ಹರಿಸಿ ತುಕ್ಕು ಬಿಡಿಸುವ ಕ್ರಮ ಮಣ್ಣಿನಿಂದ ಅಗೆದು ತೆಗೆದ ಕಬ್ಬಿಣಕ್ಕೆ ಒಪ್ಪುತ್ತದೆ, ಮೆರುಗು ಉಳಿದಿರುವ ಕೋವಿಗೆ ಒಪ್ಪುವುದಿಲ್ಲ. ಎಮರಿ ಕಾಗದದ ಮಾತಂತೂ ಬೇಡವೇ ಬೇಡ.

ಹಾಗಾದರೆ ಉಳಿಯುವುದು ಎಣ್ಣೆ ಮತ್ತು ತಾಳ್ಮೆ. ಕೋವಿಯಲ್ಲಿ ತೋಟಾ ಇಲ್ಲವೆಂದು ಎರಡು ಸಲ ನೋಡಿಕೊಂಡು, ಬಿಚ್ಚಲು ಬರುವಷ್ಟು ಮರದ ಭಾಗಗಳನ್ನು ಬೇರೆ ಮಾಡಿ, ನಳಿಗೆಯನ್ನು ಹಳೆಯ ಹತ್ತಿ ಪಂಚೆಯ ಮೇಲೆ ಮಲಗಿಸಿ ಬೆಳಕಿಗೆ ಓರೆಯಾಗಿ ಹಿಡಿದರೆ ತುಕ್ಕಿನ ನಕ್ಷೆ ಪೂರ್ತಿ ಕಾಣುತ್ತದೆ: ಎರಡು ನಳಿಗೆಗಳ ನಡುವಿನ ಪಟ್ಟಿಯ ಅಂಚು, ಹೆಗಲ ಪಟ್ಟಿ ಸಿಕ್ಕಿಸುವ ಬಳೆಯ ಬುಡ, ಮರ ಉಕ್ಕನ್ನು ಮುಟ್ಟುವ ಗೆರೆ, ಹೆಗಲಿಗೆ ಹೊತ್ತಾಗ ಅಂಗೈ ಕೂರುವ ಜಾಗ. ಆ ಜಾಗಗಳಿಗೆ ತೆಳುವಾದ ಖನಿಜ ಎಣ್ಣೆ, ಹೊಲಿಗೆ ಯಂತ್ರಕ್ಕೆ ಬಿಡುವಂಥದ್ದಾದರೂ ಸರಿ, ಧಾರಾಳವಾಗಿ ಹಚ್ಚಿ ಒಂದು ರಾತ್ರಿ ಬಿಡಬೇಕು. ಎಣ್ಣೆ ತುಕ್ಕಿನ ಬಿರುಕುಗಳಿಗೆ ಇಳಿದು ಅದರ ಹಿಡಿತ ಸಡಿಲಿಸುತ್ತದೆ. ಮರುದಿನ ನಾಲ್ಕು ಸೊನ್ನೆಯ ಗುರುತಿನ ಅತಿ ನವಿರು ಸ್ಟೀಲ್ ವೂಲನ್ನು, ಅದಕ್ಕಿಂತ ಮೆದುವಾದ ಕಂಚಿನ ನಾರು ಸಿಕ್ಕರೆ ಅದನ್ನು, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಎಣ್ಣೆಯಲ್ಲಿ ಅದ್ದಿ, ಬೆರಳ ತುದಿಯ ಭಾರವಷ್ಟೇ ಬೀಳುವಂತೆ ಸಣ್ಣ ಸುತ್ತುಗಳಲ್ಲಿ ಆಡಿಸಬೇಕು. ಎಣ್ಣೆ ಕೂಡಲೇ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಆಗ ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ಹೊಸ ಉಂಡೆ ತೆಗೆದುಕೊಳ್ಳಬೇಕು. ಇದನ್ನು ಜಿಪುಣತನದಿಂದ ತಪ್ಪಿಸಬಾರದು: ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿ ಕಬ್ಬಿಣದ ಆಕ್ಸೈಡೇ. ಉಂಡೆಯಲ್ಲಿ ಸಿಕ್ಕಿಕೊಂಡ ತುಕ್ಕಿನ ಪುಡಿ ಅದೇ ರೀತಿ ಮೆರುಗನ್ನು ತೇಯುತ್ತದೆ. ಮ್ಯಾಗ್ನೆಟೈಟ್ ಸ್ಟೀಲ್ ವೂಲಿನ ಮೆದು ಉಕ್ಕಿಗಿಂತ ಗಡುಸು, ಕೆಳಗಿನ ಲೋಹಕ್ಕೆ ಬಿಗಿಯಾಗಿ ಅಂಟಿರುತ್ತದೆ. ಕೆಂಪು ತುಕ್ಕು ಸಡಿಲ. ಈ ಅಂತರವೇ ನಮಗೆ ಸಿಗುವ ಒಂದೇ ಅನುಕೂಲ. ಎಣ್ಣೆಯಿಲ್ಲದೆ ಒಣಗಿದ್ದಾಗ ಉಜ್ಜಿದರೆ, ಅಥವಾ ಒತ್ತಿ ಉಜ್ಜಿದರೆ, ಆ ಅನುಕೂಲ ಕೈತಪ್ಪುತ್ತದೆ. ಬಟ್ಟೆಗೆ ಕೆಂಪು ಹತ್ತುವುದು ನಿಂತು ಕಪ್ಪು ಹತ್ತಲು ಶುರುವಾದರೆ ಅಲ್ಲಿಗೆ ಸಾಕು. ಚುಕ್ಕೆಯ ಜಾಗದಲ್ಲಿ ಮಬ್ಬು ಕಂದು ಕಲೆ ಉಳಿದಿರಬಹುದು, ಅದು ಇರಲಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕಲೆ ಉಳಿದರೆ ತುಕ್ಕು ಉಳಿದಂತಲ್ಲವೆ, ಅದು ಒಳಗೊಳಗೇ ತಿನ್ನುವುದಿಲ್ಲವೆ? ಇದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಕೆಲವು ತುಕ್ಕು ನಿಜಕ್ಕೂ ತಿನ್ನುತ್ತದೆ. ವ್ಯತ್ಯಾಸ ತಿಳಿಯುವ ಬಗೆ ಸರಳ. ಎಣ್ಣೆ ಒರೆಸಿ ವಾರ ಬಿಟ್ಟು ನೋಡಿದಾಗ ಅದೇ ಜಾಗದಲ್ಲಿ ಹೊಸದಾಗಿ ಕಿತ್ತಳೆ ಪುಡಿ ಎದ್ದಿದ್ದರೆ ಕೆಳಗೆ ಉಪ್ಪು ಕೂತಿದೆ ಎಂದು ಅರ್ಥ. ಎಣ್ಣೆಯಿಂದ ಉಪ್ಪು ಹೋಗುವುದಿಲ್ಲ, ನೀರಿನಿಂದಲೇ ಹೋಗಬೇಕು. ಬಿಸಿ ನೀರಿನಲ್ಲಿ ಒರೆಸಿ, ಕೂಡಲೇ ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಪುಡಿ ಏಳದಿದ್ದರೆ ಆ ಕಂದು ಕಲೆ ಸ್ಥಿರವಾಗಿದೆ, ಅದನ್ನು ಕೆರೆಯುವುದರಿಂದ ನಷ್ಟವೇ ಹೆಚ್ಚು. ತುಕ್ಕು ನಳಿಗೆಯ ಉದ್ದಕ್ಕೂ ಹರಡಿದ್ದರೆ ಇನ್ನೊಂದು ದಾರಿ ಇದೆ, ಅದೇ ನಮ್ಮ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಮರ ಮತ್ತು ಯಂತ್ರದ ಭಾಗಗಳನ್ನು ಬೇರ್ಪಡಿಸಿ, ಜಿಡ್ಡು ತೆಗೆದ ನಳಿಗೆಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಹೊಸ ಕೆಂಪು ತುಕ್ಕು ಕಪ್ಪಾಗುತ್ತದೆ. ಮೆರುಗನ್ನು ತಂದ ಕ್ರಿಯೆಯೇ ತುಕ್ಕನ್ನೂ ಮೆರುಗಿನ ಸಾಲಿಗೆ ಸೇರಿಸುತ್ತದೆ, ಉಪ್ಪೂ ತೊಳೆದು ಹೋಗುತ್ತದೆ. ಪಳಗಿದ ಕೋವಿ ಕೆಲಸದವರು ಹಳೆಯ ನಳಿಗೆಗಳಿಗೆ ಇದನ್ನು ಮಾಡುತ್ತಾರೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ, ಅದರಲ್ಲೂ ಜೋಡುನಳಿಗೆಗಳಲ್ಲಿ. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಹಿಡಿದಿರುವುದು ಸಾಮಾನ್ಯವಾಗಿ ಸೀಸ ಮತ್ತು ತವರದ ಬೆಸುಗೆ. 100 ಡಿಗ್ರಿಗೆ ಆ ಬೆಸುಗೆ ಕರಗುವುದಿಲ್ಲ, ಆದರೆ ಪಟ್ಟಿಯ ಕೆಳಗೆ ಹೊಕ್ಕ ನೀರನ್ನು ಪೂರ್ತಿ ಹೊರಗೆ ತರದಿದ್ದರೆ ಕಣ್ಣಿಗೆ ಕಾಣದ ಕಡೆ ಹೊಸ ತುಕ್ಕು ಹುಟ್ಟುತ್ತದೆ. ಕಾರ್ಖಾನೆಯ ಕಾಸ್ಟಿಕ್ ದ್ರಾವಣಕ್ಕೆ ಹಾಕಿದರಂತೂ ಬೆಸುಗೆಯನ್ನೇ ಅದು ತಿನ್ನುತ್ತದೆ, ನಳಿಗೆಗಳು ಬಿಟ್ಟುಕೊಳ್ಳುತ್ತವೆ. ಹಳೆಯ ಜೋಡುನಳಿಗೆಗೆ ಹೊಸ ಬಣ್ಣ ಹಾಕಿಸುವವರು ಯಾವ ವಿಧಾನದಲ್ಲಿ ಎಂದು ಮೊದಲೇ ಕೇಳಿ ತಿಳಿಯಬೇಕು. ಕೋವಿ ರಿಪೇರಿಗೆ ಕಾಯ್ದೆಯ ಪ್ರಕಾರ ಪರವಾನಗಿ ಇರಬೇಕು. ನಳಿಗೆಯ ಮೇಲಿನ ಸಂಖ್ಯೆ, ಮುದ್ರೆಗಳು ಉಜ್ಜುವಾಗ ಅಳಿದುಹೋದರೆ ಅದು ಅಪರಾಧದ ಮಾತಾಗುತ್ತದೆ ಎಂಬುದೂ ನೆನಪಿರಲಿ. ಬಾಟಲಿಯಲ್ಲಿ ಸಿಗುವ ತಣ್ಣನೆಯ ಬ್ಲೂಯಿಂಗ್ ದ್ರಾವಣ ಬೇರೆಯದೇ ವಸ್ತು. ಅದರಲ್ಲಿರುವುದು ತಾಮ್ರ ಮತ್ತು ಸೆಲೆನಿಯಮ್ಮಿನ ಲವಣಗಳು. ಬಣ್ಣ ಕಪ್ಪಾಗುತ್ತದೆ, ಕಾಪು ಅಷ್ಟಕ್ಕಷ್ಟೆ. ಬರಿಯ ಉಕ್ಕಿನ ಸಣ್ಣ ಮಚ್ಚೆ ಮರೆಸಲು ಸಾಕು.

ಇಷ್ಟೆಲ್ಲ ಕಷ್ಟವೇಕೆ, ತುಕ್ಕೇ ಹಿಡಿಯದ ಲೇಪ ಹಾಕಿಸಿದರಾಯಿತಲ್ಲ ಎನ್ನುವುದು ಎರಡನೆಯ ಆಕ್ಷೇಪ. ತುಕ್ಕು ತಡೆಯುವ ಲೇಪಗಳು ಇಲ್ಲವೆಂದಲ್ಲ. ಬ್ರಿಟನ್ನಿನ ಥಾಮಸ್ ವಾಟ್ಸ್ ಕಾಸ್ಲೆಟ್ 1906ರಲ್ಲಿ ಪೇಟೆಂಟ್ ಪಡೆದ ಫಾಸ್ಫೇಟ್ ಪದರದ ವಿಧಾನ ಮುಂದೆ ಸುಧಾರಣೆಯಾಗಿ ಸೈನ್ಯದ ಬಂದೂಕುಗಳಿಗೆ ಬೂದು ಬಣ್ಣದ ಒರಟು ಮೈ ಕೊಟ್ಟಿತು. ಅದು ಎಣ್ಣೆ ಹಿಡಿದಿಟ್ಟುಕೊಳ್ಳುವುದರಲ್ಲಿ ಬ್ಲೂಯಿಂಗಿಗಿಂತ ಮೇಲು. ಈಗ ಸೆರಾಮಿಕ್ ಬೆರೆಸಿದ ಬಣ್ಣಗಳೂ ಬಂದಿವೆ. ಹೊಸದಾಗಿ ಕೊಳ್ಳುವ, ಗದ್ದೆ ತೋಟ ಕಾಯುವ ಕೋವಿಗೆ ಇವು ಸರಿಯಾದ ಆಯ್ಕೆ. ಆದರೆ ಇಂಥ ಲೇಪಕ್ಕೆ ಮೊದಲು ನಳಿಗೆಯನ್ನು ಮರಳಿನ ಗಾಳಿಯಿಂದ ಕೆರೆದು ಹಳೆಯದನ್ನೆಲ್ಲ ತೆಗೆಯುತ್ತಾರೆ. ಮುತ್ತಜ್ಜನ ಕಾಲದ ಕೋವಿಯ ಮೇಲಿನ ಕೆತ್ತನೆ, ತಯಾರಕರ ಹೆಸರು, ಡಮಾಸ್ಕಸ್ ಚಿತ್ತಾರ ಎಲ್ಲ ಅದರೊಂದಿಗೆ ಹೋಗುತ್ತವೆ. ಒಳಗೆ ಕ್ರೋಮ್ ಲೇಪವಿರುವ ನಳಿಗೆಗಳ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ: ಕ್ರೋಮ್ ಕಾಯುವುದು ಒಳಮೈಯನ್ನು, ಹೊರಮೈಯನ್ನಲ್ಲ. ದಿಲ್ಲಿಯ ಕಬ್ಬಿಣದ ಕಂಬ 1600 ವರ್ಷ ನಿಂತಿದೆ, ಕೊಡಚಾದ್ರಿಯ ಕಂಬ ಅಂಥ ಮಳೆಯಲ್ಲೂ ನಿಂತಿದೆ, ನಮ್ಮ ಹಳಬರ ಕಬ್ಬಿಣಕ್ಕೆ ತುಕ್ಕಿಲ್ಲ ಎಂಬ ಹೆಮ್ಮೆಯ ಮಾತನ್ನೂ ಕೇಳುತ್ತೇವೆ. ಹೆಮ್ಮೆ ಸರಿಯೇ. ಆದರೆ ದಿಲ್ಲಿಯ ಕಂಬದ ಕಬ್ಬಿಣದಲ್ಲಿ ಸುಮಾರು ಶೇಕಡ 0.25 ರಂಜಕವಿದೆ, ಅದರಿಂದ ಹುಟ್ಟಿದ ಫಾಸ್ಫೇಟ್ ಪೊರೆಯೇ ಕಂಬವನ್ನು ಕಾಯುತ್ತಿದೆ ಎಂದು ಕಾನ್ಪುರದ ಐಐಟಿಯ ಆರ್. ಬಾಲಸುಬ್ರಮಣ್ಯಂ ಅವರ ಅಧ್ಯಯನಗಳು ವಿವರಿಸಿವೆ. ರಂಜಕ ಹೆಚ್ಚಾದರೆ ಉಕ್ಕು ಪೆಡಸಾಗಿ ಪೆಟ್ಟಿಗೆ ಬಿರಿಯುವುದರಿಂದ ನಳಿಗೆಯ ಉಕ್ಕಿನಲ್ಲಿ ಅದನ್ನು ಆದಷ್ಟು ಕಡಿಮೆ ಇಡುತ್ತಾರೆ. ಕಂಬಕ್ಕೆ ಒಪ್ಪಿದ ಕಬ್ಬಿಣ ಕೋವಿಗೆ ಒಪ್ಪುವುದಿಲ್ಲ.

ತಡೆಯುವ ವಿಷಯದಲ್ಲಿ ಜನ ಮೊದಲು ಹೇಳುವುದು ಎಣ್ಣೆ. ಬ್ಲೂಯಿಂಗ್ ಪದರದಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಅದು ಒಂಟಿಯಾಗಿ ಹೆಚ್ಚು ಕಾಯಲಾರದು. ಎಣ್ಣೆ ಹೀರಿದ ಬ್ಲೂಯಿಂಗ್ ಚೆನ್ನಾಗಿ ಕಾಯುತ್ತದೆ. ಯಾವ ಎಣ್ಣೆ ಎಂಬುದು ಮುಖ್ಯ. ಮನೆಯಲ್ಲಿ ಸುಲಭವಾಗಿ ಸಿಗುವ ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕೋವಿಯ ಸಂದುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಳತಾಗಿ ಕಮಟಾದಾಗ ಅದರಲ್ಲಿ ಬಿಡುಗಡೆಯಾಗುವ ಕೊಬ್ಬಿನ ಆಮ್ಲಗಳು ಲೋಹಕ್ಕೆ ಒಳ್ಳೆಯದಲ್ಲ. ಅಗಸೆ ಎಣ್ಣೆ ಒಣಗಿ ಅಂಟಾಗುತ್ತದೆ, ಅದು ಮರಕ್ಕಿರಲಿ. ಡಬ್ಲ್ಯುಡಿ-40 ಎಂಬ ಹೆಸರಾದ ಸಿಂಪಡಣೆ 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು ನೀರನ್ನು ಹೊರದೂಡುವುದಕ್ಕೆ. ಮಳೆಯಲ್ಲಿ ನೆಂದ ಕೋವಿಯನ್ನು ಒಣಗಿಸಲು ಒಳ್ಳೆಯದು, ತಿಂಗಳುಗಟ್ಟಲೆ ಕಾಯಲು ಅದರ ಪೊರೆ ತೀರ ತೆಳು. ತಿಂಗಳುಗಟ್ಟಲೆ ಮುಟ್ಟದ ಕೋವಿಗೆ ತುಕ್ಕು ತಡೆಯುವ ಅಂಶ ಬೆರೆಸಿದ ಖನಿಜ ಎಣ್ಣೆ, ಅಥವಾ ಬ್ರಿಟಿಷ್ ಮ್ಯೂಸಿಯಂ 1950ರ ದಶಕದಲ್ಲಿ ತನ್ನ ವಸ್ತುಗಳಿಗೆಂದು ರೂಪಿಸಿದ ರಿನೇಸಾನ್ಸ್ ಮೇಣದಂಥ ಗಟ್ಟಿ ಮೇಣ ಮೇಲು. ಮೇಣ ಹಚ್ಚಿದ ಮೈಗೆ ಬೆರಳಿನ ಉಪ್ಪು ಇಳಿಯುವುದಿಲ್ಲ. ಹೆಚ್ಚು ಹಚ್ಚಿದರೆ ಹೆಚ್ಚು ಕಾಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಮಿಕ್ಕ ಎಣ್ಣೆ ಕೆಳಕ್ಕೆ ಇಳಿದು ಮರದ ತಲೆಯನ್ನು ಹೊಕ್ಕು ಮೆದು ಮಾಡುತ್ತದೆ, ಕೊನೆಗೆ ಉಕ್ಕು ಗಟ್ಟಿಯಾಗಿದ್ದೂ ಮರ ಸೀಳುತ್ತದೆ. ಬಾಯಿ ಕೆಳಗೆ ಮಾಡಿ ನಿಲ್ಲಿಸುವುದು ಇದಕ್ಕೆ ಹಳೆಯ ಪರಿಹಾರ.

ಎಣ್ಣೆಗಿಂತ ಮುಖ್ಯವಾದದ್ದು ಗಾಳಿ. ಎಣ್ಣೆಯ ಪೊರೆಯ ಮೂಲಕ ನೀರಾವಿಯೂ ಆಮ್ಲಜನಕವೂ ನಿಧಾನವಾಗಿ ಇಳಿದೇ ಇಳಿಯುತ್ತವೆ. ಎಣ್ಣೆ ತುಕ್ಕನ್ನು ಮುಂದೂಡುತ್ತದೆ ಅಷ್ಟೆ. ಶೇಕಡ 60ರ ಗೆರೆಯ ಕೆಳಗೆ ಗಾಳಿಯನ್ನು ಇಟ್ಟರೆ ಮುಂದೂಡುವ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. 20 ಡಿಗ್ರಿಯಲ್ಲಿ ಶೇಕಡ 95 ಆರ್ದ್ರತೆ ಇರುವ ಮಳೆಗಾಲದ ಗಾಳಿಯನ್ನು 25 ಡಿಗ್ರಿಗೆ ಬೆಚ್ಚಗಾಗಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆ, ಆರ್ದ್ರತೆ ಶೇಕಡ 70ರ ಸುಮಾರಿಗೆ ಇಳಿಯುತ್ತದೆ. 28 ಡಿಗ್ರಿಗೆ ಏರಿಸಿದರೆ ಶೇಕಡ 60ಕ್ಕೆ ಬರುತ್ತದೆ. ಮುಚ್ಚಿದ ಕಬ್ಬಿಣದ ಕಪಾಟಿನ ತಳದಲ್ಲಿ ಸದಾ ಉರಿಯುವ ಒಂದು ಸಣ್ಣ ತಂತಿಯ ಬಲ್ಬು ಈ ಕೆಲಸಕ್ಕೆ ಸಾಕು. ಬಟ್ಟೆ, ಎಣ್ಣೆಯ ಚಿಂದಿಗಳು ಅದಕ್ಕೆ ತಗಲದಂತಿರಬೇಕು, ಮದ್ದು ತೋಟಾಗಳು ಬೇರೆ ಕಡೆ ಇರಬೇಕು. ಬಿಸಿಯಾಗದ ಎಲ್‌ಇಡಿ ದೀಪದಿಂದ ಪ್ರಯೋಜನವಿಲ್ಲ. ಕರೆಂಟು ಕೈಕೊಡುವ ಊರುಗಳಲ್ಲಿ ಸಿಲಿಕಾ ಜೆಲ್ ಇಡಬಹುದು. ಅದು ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಹೀರುತ್ತದೆ, ಸುಮಾರು 120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ಒಣಗುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಮಾತ್ರ ಅದಕ್ಕೆ ಅರ್ಥ. ಸಂದು ಬಿಟ್ಟ ಮರದ ಕಪಾಟಿನಲ್ಲಿಟ್ಟರೆ ಇಡೀ ಕೊಡಗಿನ ಮಳೆಗಾಲವನ್ನು ಹೀರಲು ಹೊರಟಂತೆ. ತೊಗಲಿನ ಚೀಲದಲ್ಲಿ ಕೋವಿಯನ್ನು ವರ್ಷವಿಡೀ ಇಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ತೊಗಲು ತೇವ ಹಿಡಿಯುತ್ತದೆ, ಹದ ಮಾಡುವಾಗ ಸೇರಿದ ಆಮ್ಲ ಮತ್ತು ಲವಣಗಳನ್ನು ಬಿಡುತ್ತದೆ. ನೋಡಲು ರಾಜಗಾಂಭೀರ್ಯದ ಆ ಚೀಲ ಪ್ರಯಾಣಕ್ಕೆ ಮಾತ್ರ ಸರಿ. ಹೊರಗಿನ ಚಳಿಯಿಂದ ಬೆಚ್ಚನೆಯ ಕೋಣೆಗೆ ತಂದ ಕೋವಿ ಕೂಡಲೇ ಬೆವರುತ್ತದೆ ಎಂಬುದನ್ನೂ ಮರೆಯಬಾರದು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ಒರೆಸಿಯೇ ಒಳಗಿಡಬೇಕು.

ಹಿಂದಿನವರು ಇದಾವುದೂ ಇಲ್ಲದೆ ಕೊಬ್ಬರಿ ಎಣ್ಣೆ ಒರೆಸಿಯೇ ನೂರು ವರ್ಷ ಕೋವಿ ಉಳಿಸಲಿಲ್ಲವೆ ಎಂಬುದು ಮೂರನೆಯ ಆಕ್ಷೇಪ, ಎಲ್ಲಕ್ಕಿಂತ ತೂಕದ್ದು. ಉಳಿಸಿದರು, ನಿಜ. ಆದರೆ ಅವರು ಉಳಿಸಿದ್ದು ಎಣ್ಣೆಯ ಬಲದಿಂದಲೇ ಎನ್ನಲು ಬರುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಒಲೆ ಉರಿಯುತ್ತಿದ್ದ ಮನೆಯ ಗೋಡೆ, ಅಟ್ಟಗಳು ಮಳೆಗಾಲದಲ್ಲೂ ಬೆಚ್ಚಗಿರುತ್ತಿದ್ದವು. ಕೋವಿ ಆಗಾಗ ಕೈಗೆ ಬರುತ್ತಿತ್ತು, ಬಂದಾಗಲೆಲ್ಲ ಒರೆಸಿಕೊಳ್ಳುತ್ತಿತ್ತು. ಗ್ಯಾಸಿನ ಒಲೆ ಬಂದ, ಮಕ್ಕಳು ಬೆಂಗಳೂರು ಸೇರಿ ಮುಚ್ಚಿದ ಮನೆಯಲ್ಲಿ ಅದೇ ಎಣ್ಣೆ ಅದೇ ಫಲ ಕೊಡಲಾರದು. ಕೈಲ್ ಪೊಳ್ದ್ ದಿನ ಆಯುಧಗಳನ್ನು ಶುಚಿಮಾಡಿ ಪೂಜೆಗಿಡುವ ಪದ್ಧತಿ ಬಹಳ ಅರ್ಥವುಳ್ಳದ್ದು. ಗದ್ದೆಯ ನಾಟಿ ಕೆಲಸ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ಕ್ಕೆ, ಅದು ಬರುತ್ತದೆ. ತುಕ್ಕಿನ ಲೆಕ್ಕದಲ್ಲಿ ಮಾತ್ರ ಸೆಪ್ಟೆಂಬರ್ ತಡವಾಯಿತು: ಆ ಹೊತ್ತಿಗೆ ಕೋವಿ ಮೂರು ತಿಂಗಳ ಮಳೆಯನ್ನು ಕತ್ತಲಲ್ಲಿ ಕಳೆದಿರುತ್ತದೆ. ಜೂನ್ ಮೊದಲ ವಾರದಲ್ಲಿ ಒಮ್ಮೆ ಒಣಗಿಸಿ ಮೇಣ ಹಚ್ಚಿ, ಮಳೆ ಜೋರಾಗಿರುವ ಕಕ್ಕಡ ತಿಂಗಳ ನಡುವೆ ಒಮ್ಮೆ ಹೊರತೆಗೆದು ನೋಡಿದರೆ, ಹಬ್ಬದ ದಿನ ಒಂದು ಬಟ್ಟೆಯಲ್ಲಿ ಒರೆಸಿದರೆ ಸಾಕಾಗುತ್ತದೆ, ಉಜ್ಜುವ ಕೆಲಸವೇ ಇರುವುದಿಲ್ಲ. ಚುನಾವಣೆಯ ಹೊತ್ತಿಗೆ ಠಾಣೆಯಲ್ಲಿ ಕೋವಿ ಒಪ್ಪಿಸಬೇಕಾಗಿ ಬಂದವರೂ ಕೊಡುವ ಮೊದಲು ಒಳಹೊರಗೆ ಎಣ್ಣೆ ಹಚ್ಚಿಯೇ ಕೊಡಬೇಕು.

ಕೊನೆಯದಾಗಿ ನಳಿಗೆಯ ಒಳಮೈ. ಇಲ್ಲಿಯವರೆಗೆ ಹೇಳಿದ ಉದಾರ ನೀತಿ, ಕಲೆ ಉಳಿದರೆ ಉಳಿಯಲಿ ಎಂಬುದು, ಹೊರಮೈಗೆ ಸಂಬಂಧಪಟ್ಟದ್ದು. ಒಳಗೆ ಅದು ಸಲ್ಲದು. ಕಪ್ಪು ಮದ್ದು ಉರಿದಾಗ ಉಳಿಯುವ ಪೊಟ್ಯಾಸಿಯಮ್ ಲವಣಗಳು ಗಾಳಿಯ ನೀರನ್ನು ಎಳೆಯುತ್ತವೆ. ಹಳೆಯ ಕೇಪುಗಳಲ್ಲಿದ್ದ ಕ್ಲೋರೇಟ್ ಸಿಡಿದ ಮೇಲೆ ಅಡುಗೆಯ ಉಪ್ಪಿನ ಹತ್ತಿರದ ನೆಂಟನೇ ಆದ ಪೊಟ್ಯಾಸಿಯಮ್ ಕ್ಲೋರೈಡ್ ಆಗುತ್ತದೆ. ಇವೆರಡೂ ಎಣ್ಣೆಗೆ ಕರಗುವುದಿಲ್ಲ. ಕೇಪಿನ ಕೋವಿಯ ನಳಿಗೆಯನ್ನು ಹಬ್ಬದ ಗುಂಡು ಹಾರಿಸಿದ ದಿನವೇ ಬಿಸಿ ನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಕಾಣಿಸಬೇಕು. ನೀರಿಗೆ ಹೆದರಿ ಬರಿ ಎಣ್ಣೆ ಬಿಟ್ಟವರ ನಳಿಗೆಯೇ ಒಳಗೆ ಮೊದಲು ಗುಳಿ ಬೀಳುವುದು. ತೋಟಾ ಇಲ್ಲದ ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದಾಗ ಕನ್ನಡಿಯಂತಿರಬೇಕಾದ ಗೋಡೆಯಲ್ಲಿ ಕಪ್ಪು ಚುಕ್ಕೆಗಳು ಕಂಡರೆ, ಬಟ್ಟೆ ಎಳೆದಾಗ ಅಲ್ಲಲ್ಲಿ ಸಿಕ್ಕಿಕೊಂಡರೆ, ಅದು ಗುಳಿ. ಯಾವ ಎಣ್ಣೆಯೂ, ಯಾವ ಬ್ರಷ್ಷೂ ಹೋದ ಉಕ್ಕನ್ನು ಮರಳಿ ತರುವುದಿಲ್ಲ. ಇಂದಿನ ತೋಟಾಗಳ ಒತ್ತಡ ಕಪ್ಪು ಮದ್ದಿನ ಒತ್ತಡಕ್ಕಿಂತ ಹೆಚ್ಚು, ಅದು ನಳಿಗೆಯಲ್ಲಿ ನಿಲ್ಲುವ ಹೊತ್ತೂ ಬೇರೆ. ತೆಳುವಾದ ಗೋಡೆ ಎಡಗೈಯ ಪಕ್ಕದಲ್ಲೇ ಬಿರಿಯಬಹುದು, ಡಮಾಸ್ಕಸ್ ನಳಿಗೆಗಳಲ್ಲಿ ಆ ಅಪಾಯ ಇನ್ನೂ ಹೆಚ್ಚು. ಗೋಡೆಯ ದಪ್ಪ ಅಳೆಸಿ, ಪರವಾನಗಿ ಇರುವ ಕೋವಿ ಕೆಲಸದವರು ಸರಿ ಎಂದು ಹೇಳುವವರೆಗೆ ಅಂಥ ಕೋವಿಗೆ ಹೂವು ಏರಿಸಿ, ಪೂಜೆ ಮಾಡಿ, ಗೋಡೆಯ ಮೇಲೆ ತೂಗು ಹಾಕಿ. ತೋಟಾ ಹಾಕಬೇಡಿ.